ಹಲ್ಲು ಹೇಳುವ ಹಳಮೆ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಸಮಾಧಿಯಿದೆ. ಅದರ ಕಲ್ಲಿನ ಮೇಲೆ ಕನ್ನಡದ ಬರೆಹವಿದೆ. 2015ರಲ್ಲಿ ಆ ಬರೆಹ ಬಲ್ಲವರ ಕಣ್ಣಿಗೆ ಬಿದ್ದು, ಇದು ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರ ಸಮಾಧಿಯೆಂದು ಗುರುತಿಸಲ್ಪಟ್ಟಿತು. ಅದುವರೆಗೆ ಸುತ್ತಲಿನ ಹತ್ತೂರಿಗೆ ಮಾತ್ರ ತಿಳಿದಿದ್ದ ಹಳ್ಳಿಯ ಹೆಸರು ನಾಡಿನ ಇತಿಹಾಸದ ಪುಟವನ್ನು ಸೇರಿತು. ಕಲ್ಲಿನ ಮೇಲೆ ಅಕ್ಷರವಿಲ್ಲದಿದ್ದರೆ ಆ ಸಮಾಧಿ ಊರ ಹೊರಗಿನ ಒಂದು ಹಳೆಯ ಕಟ್ಟಡವಾಗಿಯೇ ಉಳಿದುಬಿಡುತ್ತಿತ್ತು. ಅಕ್ಷರದ ಮಹಿಮೆ ಅಂಥದು; ಅದು ಸತ್ತವರ ಪರವಾಗಿ ಸಾಕ್ಷಿ ನುಡಿಯುತ್ತದೆ.

ಆದರೆ ಅದೇ ಮಾಗಡಿ ಸೀಮೆಯಲ್ಲಿ, ಸಾವನದುರ್ಗದ ಹೆಬ್ಬಂಡೆಯ ಆಸುಪಾಸಿನಲ್ಲಿ, ಅಕ್ಷರವೆಂಬುದು ನಮ್ಮ ನಾಡಿಗೆ ಬರುವುದಕ್ಕೂ ಹಿಂದಿನ ಜನ ತಮ್ಮ ಸತ್ತವರನ್ನು ಇಟ್ಟುಹೋದ ಕಲ್ಗೋರಿಗಳಿದ್ದುವು. ಬ್ರಾನ್‌ಫಿಲ್ ಎಂಬ ಬ್ರಿಟಿಷ್ ಅಧಿಕಾರಿ 1881ರಷ್ಟು ಹಿಂದೆಯೇ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಈ ರುದ್ರಭೂಮಿಯನ್ನು ಕುರಿತು ಬರೆದರು. ಬೃಹತ್ ಶಿಲಾಯುಗದವೆಂದು ವಿದ್ವಾಂಸರು ಕರೆಯುವ ಇಂಥ ಗೋರಿಗಳಲ್ಲಿ ಬಹುಪಾಲು ಕ್ರಿಸ್ತಪೂರ್ವದ ಕೊನೆಯ ಸಾವಿರ ವರ್ಷಗಳ ಅವಧಿಗೆ ಸೇರಿದವು. ಒರಟಾದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಸುತ್ತಲೂ ಗುಂಡುಗಳನ್ನು ವೃತ್ತಾಕಾರವಾಗಿ ಜೋಡಿಸಿ ಮಾಡಿದ ಇವುಗಳನ್ನು ನಮ್ಮ ಹಳ್ಳಿಗರು ಹಲವೆಡೆ ಪಾಂಡವರ ಮನೆಗಳೆಂದೂ ಮೋರಿಯರ ಮನೆಗಳೆಂದೂ ಕರೆದರು. ಅವರು ಹಾಗೆ ಕರೆಯಬೇಕಾಗಿ ಬಂದುದು ಬೇರೆ ಹೆಸರು ಉಳಿದಿರಲಿಲ್ಲವಾಗಿ. ಆ ಗೋರಿಗಳಲ್ಲಿ ಮಲಗಿದವರ ಹೆಸರು, ಕುಲ, ಮಾತು ಯಾವುದೂ ನಮಗೆ ಉಳಿದು ಬಂದಿಲ್ಲ.

ಹಾಗಾದರೆ ಅವರ ಪರವಾಗಿ ಸಾಕ್ಷಿ ನುಡಿಯುವವರು ಯಾರು? ಮಡಕೆಗಳುಂಟು, ಕಬ್ಬಿಣದ ಆಯುಧಗಳುಂಟು. ಆದರೆ ಮಡಕೆ ಕುಂಬಾರನ ಕೈಯನ್ನು ಹೇಳುತ್ತದೆ. ಕತ್ತಿ ಕಮ್ಮಾರನ ಕೈಯನ್ನು ಹೇಳುತ್ತದೆ. ಗೋರಿಯಲ್ಲಿ ಮಲಗಿದ ಮನುಷ್ಯನ ಬಾಳನ್ನು ಹೇಳಬಲ್ಲುದು ಅವನ ದೇಹವೊಂದೇ. ಆ ದೇಹದಲ್ಲಿ ಕೊನೆಯವರೆಗೂ ನಿಲ್ಲುವುದು ಹಲ್ಲು. ಈ ಹೊತ್ತು ನಾನು ಹೇಳಹೊರಟಿರುವುದು ಆ ಹಲ್ಲಿನ ಸಂಗತಿಯನ್ನು: ಇತಿಹಾಸಪೂರ್ವದ ಜನರ ಹಲ್ಲುಗಳು ಹೇಗಿದ್ದುವು, ಅವರು ಅವುಗಳನ್ನು ಹೇಗೆ ಕಾಪಾಡಿಕೊಂಡರು, ಮತ್ತು ಅದನ್ನು ತಿಳಿಯುವುದರಿಂದ ನಮಗೇನು ಪ್ರಯೋಜನ ಎಂಬುದನ್ನು.

ಹಲ್ಲಿನ ಮೇಲಿನ ಬಿಳಿಯ ಕವಚ, ಎನಾಮಲ್ ಎಂದು ವೈದ್ಯರು ಕರೆಯುವ ಪದರ, ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕು ಪಾಲು ಖನಿಜವೇ. ಮೂಳೆ ಜೀವಮಾನವಿಡೀ ಸವೆದು ಮತ್ತೆ ಕಟ್ಟಿಕೊಳ್ಳುತ್ತದೆ. ಎನಾಮಲ್ ಹಾಗಲ್ಲ, ಅದು ಬಾಲ್ಯದಲ್ಲಿ ಒಮ್ಮೆ ಕಟ್ಟಿಕೊಂಡರೆ ಮುಗಿಯಿತು, ಆಮೇಲೆ ತಿದ್ದುಪಡಿಯಿಲ್ಲ. ಮೊದಲ ದವಡೆ ಹಲ್ಲಿನ ಕವಚ ಹುಟ್ಟಿನ ಸುಮಾರಿಗೆ ತೊಡಗಿ ಮೂರು ವರ್ಷದ ಹೊತ್ತಿಗೆ ಸಿದ್ಧವಾಗಿಬಿಡುತ್ತದೆ. ಆ ಅವಧಿಯಲ್ಲಿ ಮಗುವಿಗೆ ಕಡುರೋಗ ಬಂದರೆ, ಹೊಟ್ಟೆಗಿಲ್ಲದ ಕಾಲ ಬಂದರೆ, ಕವಚದ ಬೆಳವಣಿಗೆ ತಡೆದು ಅಲ್ಲಿ ಒಂದು ಗೀರೋ ಕುಳಿಯೋ ಬೀಳುತ್ತದೆ. ಅರುವತ್ತು ವರ್ಷದ ಮುದುಕನ ಬಾಯಲ್ಲಿಯೂ ಎರಡನೆಯ ವಯಸ್ಸಿನ ಹಸಿವಿನ ಗುರುತು ಇದ್ದೇ ಇರುತ್ತದೆ. ಆ ಮಗು ಕುಡಿದ ನೀರು ಯಾವ ಬಗೆಯ ಕಲ್ಲಿನ ನೆಲದ್ದೆಂಬುದನ್ನು ಕೂಡ ಹಲ್ಲಿನಲ್ಲಿ ಸೇರಿಕೊಂಡ ಸ್ಟ್ರಾಂಷಿಯಂ ಎಂಬ ಧಾತುವಿನ ಪ್ರಮಾಣಗಳಿಂದ ಇಂದಿನ ವಿಜ್ಞಾನಿಗಳು ಊಹಿಸಬಲ್ಲರು.

ನಮ್ಮ ಕೆಮ್ಮಣ್ಣು ಮೂಳೆಗೆ ಮಿತ್ರನಲ್ಲ. ಅದರ ಆಮ್ಲಗುಣಕ್ಕೆ ಮೂಳೆ ಮೆಲ್ಲಮೆಲ್ಲನೆ ಕರಗುತ್ತದೆ. ಇದರ ಮೇಲೆ, ಬೃಹತ್ ಶಿಲಾಯುಗದವರಲ್ಲಿ ಅನೇಕರು ಶವವನ್ನು ಮೊದಲು ಬಯಲಿನಲ್ಲಿರಿಸಿ, ಮಾಂಸ ಕಳೆದ ಮೇಲೆ ಉಳಿದ ಮೂಳೆಗಳನ್ನಷ್ಟೆ ಆಯ್ದು ಗೋರಿಯಲ್ಲಿಡುತ್ತಿದ್ದರು. ಹೀಗಾಗಿ ಪೂರ್ಣ ಅಸ್ಥಿಪಂಜರ ದೊರೆಯುವುದು ಅಪೂರ್ವ. ಇಂಥಲ್ಲಿ ಒಂದು ಹಿಡಿ ಹಲ್ಲು ದೊರೆತರೆ ಅದೇ ಭಾಗ್ಯ. ಸತ್ತವರ ವಯಸ್ಸು, ಆಹಾರ, ರೋಗ, ದುಡಿಮೆ ಎಲ್ಲವನ್ನೂ ಅದರಿಂದಲೇ ಓದಬೇಕು.

ಈ ಓದಿಗೆ ತೊಡಗುವ ಮುನ್ನ ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಪರೀಕ್ಷಿಸಬೇಕು. “ಹಿಂದಿನವರ ಹಲ್ಲು ಕಬ್ಬಿಣದಂತಿತ್ತು, ಕಬ್ಬನ್ನು ಸಿಗಿದು ತಿನ್ನುತ್ತಿದ್ದರು, ಈಗಿನವರ ಹಲ್ಲು ಹುಟ್ಟುವಾಗಲೇ ಹುಳುಕು” ಎಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ಹಳೆಯ ಹಲ್ಲುಗಳೇ ಅಲ್ಲಗಳೆಯುತ್ತವೆ.

ಗಂಗಾ ಬಯಲಿನ ಸರಾಯ್ ನಾಹರ್ ರಾಯ್, ಮಹಾದಹಾ, ದಮದಮಾ ಎಂಬ ಎಡೆಗಳಲ್ಲಿ ಬೇಟೆಯಾಡಿ, ಕಾಡಿನ ಗೆಡ್ಡೆಗೆಣಸು ಅಗೆದು ಬದುಕಿದ ಮಧ್ಯಶಿಲಾಯುಗದವರ ಸಮಾಧಿಗಳು ದೊರೆತಿವೆ. ಅವರ ಹಲ್ಲುಗಳನ್ನು ಅಮೆರಿಕದ ಜಾನ್ ಲುಕಾಕ್ಸ್ ಅವರೂ ಅಲಹಾಬಾದಿನ ಜೆ. ಎನ್. ಪಾಲ್ ಅವರೂ ಕೂಡಿ ಅಭ್ಯಸಿಸಿದ್ದಾರೆ. ಹುಳುಕು ಬಹಳ ವಿರಳ. ಅಷ್ಟರಮಟ್ಟಿಗೆ ಹಿರಿಯರ ಮಾತು ನಿಜ. ಆದರೆ ಸವೆತ ವಿಪರೀತ. ಒರಟು ಆಹಾರವನ್ನು ಜಗಿದು ಜಗಿದು ದವಡೆ ಹಲ್ಲಿನ ಏರುತಗ್ಗುಗಳೆಲ್ಲ ಅಳಿದು ಚಪ್ಪಟೆಯಾಗಿವೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಹುಳುಕು ಮೊದಲು ನೆಲೆಗೊಳ್ಳುವುದು ದವಡೆ ಹಲ್ಲಿನ ಸಂದುಗಳಲ್ಲಿ. ಆ ಸಂದುಗಳೇ ಸವೆದುಹೋದರೆ ಹುಳುಕಿಗೆ ಮನೆಯಿಲ್ಲ. ಆದರೆ ಸವೆತ ಮಿತಿಮೀರಿದರೆ ಹಲ್ಲಿನೊಳಗಿನ ಜೀವದ ತಿರುಳೇ ಬಯಲಾಗಿ, ಸೋಂಕು ತಗಲಿ, ದವಡೆಯ ಮೂಳೆಯಲ್ಲಿ ಕೀವು ಕಟ್ಟುತ್ತದೆ. ಆ ನೋವು ಹುಳುಕಿನ ನೋವಿಗೆ ಏನೂ ಕಡಿಮೆಯದಲ್ಲ. ಹಿಂದಿನವರ ಬಾಯಿ ನೋವಿಲ್ಲದ ಬಾಯಿಯೆಂದು ತಿಳಿಯಬಾರದು. ಅವರ ನೋವಿನ ದಾರಿ ಬೇರೆಯಾಗಿತ್ತು, ಅಷ್ಟೆ.

ಹುಳುಕು ದೊಡ್ಡದಾಗಿ ಮನುಷ್ಯನ ಬಾಯನ್ನು ಹೊಕ್ಕದ್ದು ಧಾನ್ಯದ ಗಡಿಗೆಯೊಡನೆ. ನಮ್ಮ ಬಾಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಹಿಟ್ಟನ್ನೂ ಸಿಹಿಯನ್ನೂ ತಿಂದು ಆಮ್ಲವನ್ನು ಉಗುಳುತ್ತವೆ. ಆಮ್ಲ ಎನಾಮಲ್ಲಿನ ಖನಿಜವನ್ನು ಕರಗಿಸುತ್ತದೆ. ಮನುಷ್ಯ ಬೇಸಾಯ ಕಲಿತು, ಧಾನ್ಯವನ್ನು ಅರೆದು ಬೇಯಿಸಿ, ಹಲ್ಲಿಗೆ ಅಂಟುವ ಮೆತ್ತನೆಯ ಗಂಜಿ ಅಂಬಲಿಗಳನ್ನು ದಿನವೂ ಉಣ್ಣತೊಡಗಿದಾಗ ಆ ಜೀವಿಗಳಿಗೆ ಹಬ್ಬವಾಯಿತು. ಸಿಂಧೂ ನಾಗರಿಕತೆಯ ಹರಪ್ಪ ನಗರದ ಹಲ್ಲುಗಳಲ್ಲಿ ನೂರಕ್ಕೆ ಸುಮಾರು 7 ಹುಳುಕಿನವು ಎಂದು ಲುಕಾಕ್ಸ್ 1992ರಲ್ಲಿ ಪ್ರಕಟಿಸಿದರು. ಬೇಟೆಯ ಜನರಿಗೆ ಹೋಲಿಸಿದರೆ ಇದು ದೊಡ್ಡ ಏರಿಕೆ. ನಾಗರಿಕತೆಯ ಇಟ್ಟಿಗೆ, ಮುದ್ರೆ, ತೂಕದ ಕಲ್ಲುಗಳ ಜೊತೆಗೆ ಅದರ ಹಲ್ಲುನೋವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಈ ಲೆಕ್ಕದಲ್ಲಿ ಮನಸ್ಸನ್ನು ಕಲಕುವ ಒಂದು ಅಂಶವಿದೆ. ಹುಳುಕಿನ ಪಾಲು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬೇಸಾಯ ಬಂದ ಮೇಲೆ ಜನ ಒಂದೆಡೆ ನೆಲೆನಿಂತರು. ಹೆಂಗಸರ ಹೆರಿಗೆಗಳ ಸಂಖ್ಯೆ ಏರಿತು. ಬಸಿರಿನ ಕಾಲದಲ್ಲಿ ಜೊಲ್ಲಿನ ಗುಣವೂ ಉಣ್ಣುವ ಬಗೆಯೂ ಬದಲಾಗಿ ಹಲ್ಲು ಸುಲಭವಾಗಿ ಕೆಡುತ್ತದೆ ಎಂಬುದು ಲುಕಾಕ್ಸ್ ಅವರ ವಿವರಣೆ. ಬಾಣಂತಿ ಗಟ್ಟಿ ಪದಾರ್ಥವನ್ನು ಕಡಿಯಬಾರದೆಂದು ನಮ್ಮ ಅಜ್ಜಿಯರು ಕಟ್ಟುನಿಟ್ಟು ಮಾಡುತ್ತಿದ್ದುದು ಇಲ್ಲಿ ನೆನಪಿಗೆ ಬರುತ್ತದೆ. ಊರು ಬೆಳೆಯಿತು, ಮನೆ ತುಂಬಿತು ಎಂದು ನಾವು ಸಂಭ್ರಮದಿಂದ ಬರೆಯುವ ಚರಿತ್ರೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ಹೆಂಗಸರು ಎಂಬುದನ್ನು ಯಾವ ಶಾಸನವೂ ಹೇಳಲಿಲ್ಲ, ಹಲ್ಲು ಹೇಳಿತು.

ಹಾಗೆಂದು ದೋಷವನ್ನೆಲ್ಲ ನೇಗಿಲಿನ ಮೇಲೆ ಹೊರಿಸುವಂತೆಯೂ ಇಲ್ಲ. ಉತ್ತರ ಆಫ್ರಿಕದ ಮೊರಾಕೊ ದೇಶದ ತಫೊರಾಲ್ತ್ ಎಂಬಲ್ಲಿನ ಗುಹೆಯಲ್ಲಿ ಸುಮಾರು 14,000ದಿಂದ 15,000 ವರ್ಷಗಳ ಹಿಂದೆ ಸತ್ತವರ ಹಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳುಕಾಗಿದ್ದುವೆಂದು 2014ರಲ್ಲಿ ವರದಿಯಾಯಿತು. ಅವರು ಬೇಸಾಯವನ್ನೇ ಅರಿಯದವರು. ಆದರೆ ಓಕ್ ಮರದ ಹಿಟ್ಟಿನಂಥ ಸಿಹಿಗಾಯಿಗಳನ್ನು ಕೂಡಿಟ್ಟುಕೊಂಡು ತಿನ್ನುತ್ತಿದ್ದರು. ಅಲ್ಲಿಗೆ ಮಾತು ಸ್ಪಷ್ಟವಾಯಿತು. ಮನುಷ್ಯ ಉತ್ತನೋ ಬೇಟೆಯಾಡಿದನೋ ಎಂಬುದು ಹಲ್ಲಿಗೆ ಮುಖ್ಯವಲ್ಲ. ಅವನ ಬಾಯಲ್ಲಿ ಯಾವ ವಸ್ತು ಎಷ್ಟು ಹೊತ್ತು ಅಂಟಿಕೊಂಡಿತು ಎಂಬುದೇ ಮುಖ್ಯ.

ಇನ್ನು ನಮ್ಮ ನೆಲಕ್ಕೆ ಬರೋಣ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ತುಂಗಭದ್ರೆಯ ದಂಡೆಯ ಹಳ್ಳೂರು, ಕಾವೇರಿ ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರ – ಇವೆಲ್ಲ ನವಶಿಲಾಯುಗದ ನೆಲೆಗಳು. ಬ್ರಹ್ಮಗಿರಿಯಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಎಂ. ಎಚ್. ಕೃಷ್ಣ ಅವರು ಮೊದಲಿಗೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅನಂತರವೂ ಉತ್ಖನನ ಮಾಡಿದರು. ನರಸೀಪುರದಲ್ಲಿ ಎಂ. ಶೇಷಾದ್ರಿಯವರೂ, ತೆಕ್ಕಲಕೋಟೆ ಹಳ್ಳೂರುಗಳಲ್ಲಿ ಎಂ. ಎಸ್. ನಾಗರಾಜರಾವ್ ಅವರೂ 1960ರ ದಶಕದಲ್ಲಿ ಅಗೆದರು. ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುವ, ದೊಡ್ಡವರನ್ನು ಗುಂಡಿಯಲ್ಲಿ ನೀಳವಾಗಿ ಮಲಗಿಸುವ ಪದ್ಧತಿ ಆ ಜನರಲ್ಲಿತ್ತು. ಮಾಗಡಿಯ ಬಂಡೆಗಳಿಂದ ಇಳಿಯುವ ಅರ್ಕಾವತಿಯ ನೀರೂ ಕಾವೇರಿಗೇ ಸೇರುವುದರಿಂದ, ನರಸೀಪುರದವರೂ ಸಾವನದುರ್ಗದವರೂ ಕಾಲದಲ್ಲಿ ಹಿಂದುಮುಂದಾದರೂ ಒಂದೇ ಹೊಳೆಯ ಸೀಮೆಯವರು ಎನ್ನಬಹುದು.

ಅವರು ಉಣ್ಣುತ್ತಿದ್ದುದೇನು? ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಅವರ ಸಂಗಡಿಗರು ದಕ್ಷಿಣದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೊಳೆದು, ಸುಟ್ಟು ಕರಿಯಾಗಿ ಉಳಿದ ಕಾಳುಗಳನ್ನು ಆರಿಸಿದ್ದಾರೆ. ಅವುಗಳಲ್ಲಿ ಮುಖ್ಯವಾದವು ಕೊರಲೆ, ನವಣೆಯ ಜಾತಿಯ ಒಂದು ಕಿರುಧಾನ್ಯ, ಹುರುಳಿ ಮತ್ತು ಹೆಸರು. ಕೊರಲೆಯನ್ನು ತುಮಕೂರು ಚಿತ್ರದುರ್ಗಗಳ ಒಣನೆಲದ ರೈತರು ಇಂದಿಗೂ ಬಿತ್ತುತ್ತಾರೆ; ಹುರುಳಿಯ ಸಾರಿನ ರುಚಿಯನ್ನು ಮಾಗಡಿಯವರಿಗೆ ನಾನು ಹೇಳಬೇಕಾಗಿಲ್ಲ. ಇದರ ಜೊತೆಗೆ ದನದ ಮಾಂಸವೂ ಅವರ ಆಹಾರವಾಗಿತ್ತೆಂಬುದನ್ನು ಅವರ ತಿಪ್ಪೆಯ ಮೂಳೆಗಳು ತೋರಿಸುತ್ತವೆ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಅಡುಗೆಮನೆಯಲ್ಲಿ ನಮಗೆ ತೀರ ಅಪರಿಚಿತವಾದುದು ಹೆಚ್ಚಿಲ್ಲ.

ಆ ಧಾನ್ಯವನ್ನು ಅರೆಯುತ್ತಿದ್ದುದು ಬಂಡೆಗಲ್ಲಿನ ಮೇಲೆ. ಸಂಗನಕಲ್ಲಿನ ಗುಡ್ಡಗಳಲ್ಲಿ ಅರೆದು ಅರೆದು ಹಳ್ಳ ಬಿದ್ದ ಬಂಡೆಗಳನ್ನು ಈಗಲೂ ಕಾಣಬಹುದು. ಕಲ್ಲು ಹಳ್ಳ ಬಿತ್ತೆಂದರೆ ಆ ಕಲ್ಲಿನ ಪುಡಿ ಎಲ್ಲಿಗೆ ಹೋಯಿತು? ಹಿಟ್ಟಿನೊಡನೆ ಬಾಯಿಗೆ ಹೋಯಿತು. ಬೆಣಚಿನ ಹರಳು ಎನಾಮಲ್ಲಿಗಿಂತಲೂ ಗಟ್ಟಿ. ದಿನದಿನವೂ ಆ ಪುಡಿಯನ್ನು ಜಗಿದ ಹಲ್ಲು ಅರಕ್ಕೆ ಸಿಕ್ಕ ಕಬ್ಬಿಣದಂತೆ ಸವೆಯುವುದು ಸಹಜ. ಬೀಸುವ ಕಲ್ಲಿಗೆ ಹೊಸದಾಗಿ ಮುಳ್ಳು ಹೊಡೆಸಿದ ದಿನ ಮೊದಲ ಹಿಟ್ಟನ್ನು ಮನೆಯವರಿಗೆ ಬಡಿಸದೆ ದನಕ್ಕೆ ಹಾಕುವ ವಾಡಿಕೆ ನಮ್ಮ ಮನೆಗಳಲ್ಲಿತ್ತು. ಆ ವಾಡಿಕೆಯ ಹಿಂದೆ ಎಷ್ಟು ತಲೆಮಾರುಗಳ ಹಲ್ಲಿನ ಅನುಭವವಿದೆಯೋ ಎಂದು ನನಗೆ ಅನ್ನಿಸುವುದುಂಟು.

ಮಕ್ಕಳ ಹಲ್ಲಿನ ಕತೆಯನ್ನು ತಿಳಿಯಲು ಗಡಿ ದಾಟಿ ಪುಣೆ ಜಿಲ್ಲೆಯ ಇನಾಮಗಾಂವ್‌ಗೆ ಹೋಗಬೇಕು. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರವರೆಗೆ ಉತ್ಖನನ ಮಾಡಿ ಇನ್ನೂರಕ್ಕೂ ಹೆಚ್ಚು ಸಮಾಧಿಗಳನ್ನು ಬಯಲಿಗೆ ತಂದರು. ಅವುಗಳಲ್ಲಿ ಬಹುಪಾಲು ಮಕ್ಕಳವು. ಎರಡು ಗಡಿಗೆಗಳನ್ನು ಬಾಯಿಗೆ ಬಾಯಿ ಸೇರಿಸಿ, ಮಗುವನ್ನು ಒಳಗಿಟ್ಟು, ಮನೆಯ ನೆಲದಡಿಯಲ್ಲೇ ಹೂಳಿದ್ದರು. ಲುಕಾಕ್ಸ್ ಮತ್ತು ಡೆಕ್ಕನ್ ಕಾಲೇಜಿನ ಎಸ್. ಆರ್. ವಾಳಿಂಬೆ ಅವರು ಆ ಹಾಲುಹಲ್ಲುಗಳನ್ನು ಒಂದೊಂದಾಗಿ ನೋಡಿದರು. ಕೋರೆಹಲ್ಲಿನ ಕವಚದಲ್ಲಿ ಬಿದ್ದ ಕುಳಿಗಳಿಂದ ಆ ಮಕ್ಕಳು ಪಟ್ಟ ಕಷ್ಟವನ್ನೂ, ಹವೆ ಮತ್ತು ಆಹಾರಗಳ ಬದಲಾವಣೆಗೂ ಅದಕ್ಕೂ ಇರುವ ನಂಟನ್ನೂ ಅವರು ವಿಚಾರಮಾಡಿದರು. ಹೆಸರಿಡುವ ಮೊದಲೇ ತೀರಿಕೊಂಡ ಕೂಸೂ ಇರಬಹುದು ಅವುಗಳಲ್ಲಿ. ಅದು ಉಂಡ ಹಸಿವಿನ ಲೆಕ್ಕ ಮೂರು ಸಾವಿರ ವರ್ಷ ಮಣ್ಣಿನಲ್ಲಿದ್ದೂ ಅಳಿಯಲಿಲ್ಲ.

ನೋವು ಇಷ್ಟಿದ್ದ ಮೇಲೆ ಆರೈಕೆಯೂ ಇದ್ದಿರಲೇಬೇಕಲ್ಲವೆ? ಇತ್ತು, ಅದರ ಗುರುತುಗಳು ಹಲ್ಲಿನ ಮೇಲೆಯೇ ಉಳಿದಿವೆ. ಎಲ್ಲಕ್ಕೂ ಹಳೆಯ ಉಪಕರಣ ಹಲ್ಲುಕಡ್ಡಿ. ಸಂದಿನಲ್ಲಿ ಸಿಕ್ಕಿಬಿದ್ದುದನ್ನು ಕೆದಕಲು ಕಡ್ಡಿಯನ್ನು ಪದೇ ಪದೇ ಆಡಿಸಿದರೆ ಹಲ್ಲಿನ ಬುಡದಲ್ಲಿ ನುಣುಪಾದ ತೋಡು ಬೀಳುತ್ತದೆ. ಜಾರ್ಜಿಯಾ ದೇಶದ ದ್ಮಾನಿಸಿ ಎಂಬಲ್ಲಿ ದೊರೆತ ಸುಮಾರು 18 ಲಕ್ಷ ವರ್ಷ ಹಳೆಯ ದವಡೆಯಲ್ಲಿ ಇಂಥ ತೋಡು ಇದೆ. ನಮ್ಮಂತೆ ಮಾತಾಡಿದರೋ ಇಲ್ಲವೋ, ನಮ್ಮಂತೆ ಊಟವಾದ ಮೇಲೆ ಕಡ್ಡಿ ಹುಡುಕಿದರು ಆ ಪೂರ್ವಿಕರು!

ಮುಂದಿನ ಹೆಜ್ಜೆ ವೈದ್ಯದ್ದು. ಇಟಲಿಯ ವಿಲ್ಲಬ್ರೂನಾ ಎಂಬಲ್ಲಿ ಸುಮಾರು 14,000 ವರ್ಷಗಳ ಹಿಂದೆ ಬದುಕಿದ್ದ ಯುವಕನೊಬ್ಬನ ದವಡೆ ಹಲ್ಲಿನ ಹುಳುಕನ್ನು ಚಕಮಕಿ ಕಲ್ಲಿನ ಮೊನೆಯಿಂದ ಕೆರೆದು ತೆಗೆಯಲು ಯತ್ನಿಸಿದ್ದುದು 2015ರಲ್ಲಿ ತಿಳಿದುಬಂತು. ಸ್ಲೊವೇನಿಯಾದಲ್ಲಿ ದೊರೆತ 6,500 ವರ್ಷ ಹಳೆಯ ಹಲ್ಲೊಂದರ ಬಿರುಕಿನಲ್ಲಿ ಜೇನುಮೇಣವಿತ್ತು. ಆದರೆ ಇವೆಲ್ಲವುಗಳಲ್ಲಿ ನಮಗೆ ಹೆಚ್ಚು ಹತ್ತಿರದ್ದು ಇಂದಿನ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮೆಹರ್‌ಗಢ. ಅಲ್ಲಿ 7,500ರಿಂದ 9,000 ವರ್ಷಗಳ ಹಿಂದಿನ ಸ್ಮಶಾನದಲ್ಲಿ 9 ಮಂದಿಯ 11 ದವಡೆ ಹಲ್ಲುಗಳಲ್ಲಿ ಬೈರಿಗೆಯಿಂದ ಕೊರೆದ ರಂಧ್ರಗಳಿದ್ದುವೆಂಬ ವರದಿ 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮೆಹರ್‌ಗಢದವರು ಮಣಿಗಾರರು, ನೀಲಿ ಕಲ್ಲು, ಕೆಂಪು ಕಲ್ಲುಗಳಿಗೆ ನವುರಾದ ತೂತು ಕೊರೆಯುವುದರಲ್ಲಿ ನಿಪುಣರು. ಬಿಲ್ಲಿನ ಹುರಿಯಿಂದ ತಿರುಗಿಸುವ ಚಕಮಕಿ ಮೊನೆಯ ಬೈರಿಗೆಯಿಂದ ಹಲ್ಲಿಗೆ ಅಂಥ ರಂಧ್ರ ಕೊರೆಯಲು ಒಂದು ನಿಮಿಷವೂ ಬೇಡವೆಂದು ಸಂಶೋಧಕರು ಮಾಡಿ ನೋಡಿದರು. ರಂಧ್ರಗಳೆಲ್ಲ ಒಳಗಿನ ದವಡೆ ಹಲ್ಲುಗಳಲ್ಲಿರುವುದರಿಂದ ಅವು ಅಲಂಕಾರಕ್ಕಲ್ಲ. ಕೊರೆದ ಮೇಲೆ ರಂಧ್ರದ ಅಂಚು ಸವೆದಿರುವುದರಿಂದ ಆ ಮನುಷ್ಯರು ಆಮೇಲೆಯೂ ಬದುಕಿ ಉಂಡರು ಎಂಬುದೂ ತಿಳಿಯುತ್ತದೆ. ಮಣಿ ಕೊರೆದ ಕೈ ನೆರೆಯವನ ಹಲ್ಲಿಗೂ ನೆರವಾಯಿತು.

ಸೋಜಿಗವೆಂದರೆ ಈ ವಿದ್ಯೆ ಸುಮಾರು 1,500 ವರ್ಷ ನಡೆದು ನಿಂತುಹೋಯಿತು. ಅದೇ ಮೆಹರ್‌ಗಢದ ಅನಂತರದ ಸ್ಮಶಾನದಲ್ಲಿ ಕೆಟ್ಟ ಹಲ್ಲುಗಳಿವೆ, ಕೊರೆದ ಹಲ್ಲಿಲ್ಲ. ಮನುಷ್ಯ ಕಲಿತದ್ದನ್ನೆಲ್ಲ ಉಳಿಸಿಕೊಳ್ಳುತ್ತಾನೆ, ಜ್ಞಾನ ಏರುತ್ತಲೇ ಹೋಗುತ್ತದೆ ಎಂಬ ನಮ್ಮ ಭರವಸೆಗೆ ಇದೊಂದು ಎಚ್ಚರಿಕೆ.

ಮದ್ದಿನ ಮಾತಿಗೆ ಬಂದರೆ ಸುಡಾನಿನ ಅಲ್ ಖಿದಾಯ್ ಎಂಬ ನೆಲೆಯ ಸುದ್ದಿಯನ್ನು ಹೇಳದಿರಲಾರೆ. ಹಲ್ಲಿಗೆ ಗಾರೆಯಂತೆ ಕಟ್ಟುವ ಕಿಟ್ಟದೊಳಗೆ ತಿಂದ ಆಹಾರದ ಕಣಗಳು ಹುದುಗಿ ಉಳಿಯುತ್ತವೆ. ಅಲ್ಲಿಯವರ ಹಲ್ಲಿನ ಕಿಟ್ಟದಲ್ಲಿ ಒಂದು ಗಡ್ಡೆಯ ಕಣಗಳು ಸಿಕ್ಕಿದುವು. ಯಾವುದು ಆ ಗಡ್ಡೆ? ನಮ್ಮ ಹೊಲಗದ್ದೆಗಳಲ್ಲಿ ಎಷ್ಟು ಕಿತ್ತರೂ ಸಾಯದೆ ರೈತನನ್ನು ಗೋಳುಹೊಯ್ದುಕೊಳ್ಳುವ ಕೊನ್ನಾರಿ ಗಡ್ಡೆ, ಆಯುರ್ವೇದದ ಮುಸ್ತಾ. ಹಲ್ಲನ್ನು ಹುಳುಕಿಸುವ ಸೂಕ್ಷ್ಮಜೀವಿಯನ್ನು ತಡೆಯುವ ಗುಣ ಅದಕ್ಕಿದೆ. ಅಲ್ಲಿನ ಬೇಸಾಯದ ಕಾಲದವರಲ್ಲಿ ಕೂಡ ಹುಳುಕು ನಿರೀಕ್ಷೆಗಿಂತ ಬಹಳ ಕಡಿಮೆಯಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು 2014ರಲ್ಲಿ ಸಂಶೋಧಕರು ಸೂಚಿಸಿದರು.

ನಮ್ಮ ದೇಶದ ಹಲ್ಲುಜ್ಜುವ ಕಡ್ಡಿಯ ಚರಿತ್ರೆ ಬರೆಹದ ಕಾಲಕ್ಕೆ ಬರುವಾಗಲೇ ಪಕ್ವವಾಗಿತ್ತು. ಬೌದ್ಧ ಭಿಕ್ಷುಗಳ ವಿನಯದ ನಿಯಮಗಳಲ್ಲಿ ಕಡ್ಡಿ ಎಂಟು ಅಂಗುಲಕ್ಕಿಂತ ಉದ್ದವೂ ನಾಲ್ಕು ಅಂಗುಲಕ್ಕಿಂತ ಗಿಡ್ಡವೂ ಇರಕೂಡದೆಂದಿದೆ. ಸುಶ್ರುತ ಹನ್ನೆರಡು ಅಂಗುಲ ಉದ್ದದ, ಕಿರುಬೆರಳ ಗಾತ್ರದ ಕಡ್ಡಿಯನ್ನು ವಿಧಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದ. ಇಷ್ಟು ವಿವರವಾದ ನಿಯಮ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಬರೆಹಕ್ಕೆ ಮುಂಚಿನ ಎಷ್ಟೋ ಬಾಯಿಗಳು ಕಡಿದು ನೋಡಿ ಆರಿಸಿದ ಕಡ್ಡಿಗಳಿವು. ಬೇವಿನ ಕಡ್ಡಿ, ಉತ್ತರಾಣಿ ಬೇರು, ಉಪ್ಪು ಇದ್ದಿಲುಗಳಿಂದ ನಂಜನಗೂಡಿನ ಹಲ್ಲುಪುಡಿಯವರೆಗೆ ನಮ್ಮ ಬೆಳಗಿನ ಮುಖಮಾರ್ಜನೆ ಒಂದೇ ಪರಂಪರೆಯದು.

ಆರೈಕೆಯೆಂದರೆ ಹಲ್ಲಿದ್ದವರದು ಮಾತ್ರವಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ. ದ್ಮಾನಿಸಿಯಲ್ಲಿಯೇ ಇನ್ನೊಂದು ತಲೆಬುರುಡೆ ದೊರೆತಿದೆ. ಒಂದು ಹಲ್ಲಿನ ಹೊರತು ಉಳಿದುವೆಲ್ಲ ಸಾವಿಗೆ ಬಹು ಮುಂಚೆಯೇ ಉದುರಿ, ಕುಣಿಗಳೆಲ್ಲ ಮುಚ್ಚಿಹೋಗಿವೆ. ಬೊಚ್ಚುಬಾಯಿಯ ಆ ಹಿರಿಯ ಜೀವ ವರ್ಷಗಟ್ಟಲೆ ಬದುಕಿದ್ದು ಹೇಗೆ? ಸಂಗಡಿಗರು ಮೆತ್ತನೆಯದನ್ನು ಆಯ್ದು, ಜಜ್ಜಿ ಕೊಟ್ಟಿರಬಹುದೆಂದು ಕೆಲವು ವಿದ್ವಾಂಸರ ಊಹೆ. ಎಲ್ಲರೂ ಅದನ್ನು ಒಪ್ಪಿಲ್ಲ. ಆದರೂ ನಮ್ಮ ಅಜ್ಜಿಯರು ತಾಂಬೂಲ ಕುಟ್ಟುತ್ತಿದ್ದ ಕುಟ್ಟಾಣಿಯನ್ನು ಕಂಡಾಗಲೆಲ್ಲ ನನಗೆ ಆ ಬುರುಡೆಯ ನೆನಪಾಗುತ್ತದೆ.

ಹಲ್ಲು ಕೆಡುವುದಕ್ಕೆ ಹುಳುವೇ ಕಾರಣವೆಂದು ಲೋಕವೆಲ್ಲ ನಂಬಿತ್ತು. ಕನ್ನಡದ ಹುಳುಕು ಎಂಬ ಮಾತಿನಲ್ಲೇ ಹುಳು ಕೂತಿದೆ. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳು ಬೀಳಿಸುವ ನಾಟಿ ವೈದ್ಯ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ಫ್ರಾನ್ಸಿನ ಪಿಯೇರ್ ಫೊಶಾರ್ 1728ರಲ್ಲಿ ಹುಳುವಿನ ಕತೆಯನ್ನು ಅಲ್ಲಗಳೆದ. 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ಆಮ್ಲದ ಗುಟ್ಟನ್ನು ಹೇಳಿದ. 1924ರಲ್ಲಿ ಕ್ಲಾರ್ಕ್ ಹುಳುಕಿನ ಮುಖ್ಯ ಸೂಕ್ಷ್ಮಜೀವಿಯನ್ನು ಗುರುತಿಸಿದ. 2013ರಲ್ಲಿ ಯೂರೋಪಿನ ಹಳೆಯ ಹಲ್ಲುಗಳ ಕಿಟ್ಟದಿಂದ ಸೂಕ್ಷ್ಮಜೀವಿಗಳ ವಂಶಧಾತುವನ್ನೇ ತೆಗೆದು ಓದಿದಾಗ ಎರಡು ದೊಡ್ಡ ತಿರುವುಗಳು ಕಂಡುವು: ಒಂದು ಬೇಸಾಯ ಬಂದಾಗ, ಇನ್ನೊಂದು ಕೈಗಾರಿಕೆಯ ಕಾಲದಲ್ಲಿ ಯಂತ್ರದ ಹಿಟ್ಟೂ ಬಿಳಿಯ ಸಕ್ಕರೆಯೂ ಅಗ್ಗವಾದಾಗ. ಎರಡನೆಯ ತಿರುವಿನಲ್ಲಿ ಹುಳುಕಿನ ಜೀವಿ ಬಾಯನ್ನೆಲ್ಲ ಆಳತೊಡಗಿತು. ಕಬ್ಬು ನಮಗೆ ಹೊಸದಲ್ಲ, ಬೆಲ್ಲವೂ ಹೊಸದಲ್ಲ. ಆದರೆ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಹಬ್ಬಕ್ಕೊಮ್ಮೆ ಬರುತ್ತಿದ್ದ ಸಿಹಿ ದಿನಕ್ಕೆ ನಾಲ್ಕು ಸಲ ಕಾಫಿ ಟೀಗಳಲ್ಲಿ ಕರಗಿ ಬಂದದ್ದು ನಮ್ಮ ಎರಡು ಮೂರು ತಲೆಮಾರುಗಳ ಒಳಗಿನ ಮಾತು. ನಮ್ಮ ಹಲ್ಲು ಹಿಂದಿನವರ ಹಲ್ಲಿಗಿಂತ ಹೀನವಾಗಿ ಹುಟ್ಟಿಲ್ಲ. ತಟ್ಟೆ ಬದಲಾಯಿತು, ಹಲ್ಲು ಅದೇ. ಹುಳುಕು ಹಲ್ಲಿನ ಮಗುವನ್ನು ಸೋಮಾರಿಯೆಂದು ಗದರುವ ಮುನ್ನ ನಾವು ಅದರ ಕೈಗೆ ಏನನ್ನು ಕೊಟ್ಟೆವೆಂದು ನೋಡಿಕೊಳ್ಳುವುದು ನ್ಯಾಯ.

ಈ ತಿಳಿವಳಿಕೆಯೆಲ್ಲ ಬಂದುದು ಎಲ್ಲಿಂದ? ಗೋರಿಗಳಿಂದ. ಅದನ್ನು ಹೇಳುವಾಗ ನನ್ನ ಮನಸ್ಸಿಗೆ ನೋವಾಗುವುದೂ ಅಲ್ಲಿಯೇ. ನಮ್ಮ ನಾಡಿನ ಕಲ್ಗೋರಿಗಳನ್ನು ಸುತ್ತಿ ನೋಡಿ ಅ. ಸುಂದರ ಅವರಂಥ ವಿದ್ವಾಂಸರು ಗ್ರಂಥ ಬರೆದರು. ಆದರೆ ವಿದ್ವಾಂಸರಿಗಿಂತ ಮೊದಲು ಅಲ್ಲಿಗೆ ಮುಟ್ಟಿದವರು ನಿಧಿಯ ಆಸೆಯವರು. ಹೊನ್ನಿನ ಕೊಪ್ಪರಿಗೆಯಿದೆಯೆಂದು ನಂಬಿ ರಾತ್ರಿಯಲ್ಲಿ ಚಪ್ಪಡಿ ಎಬ್ಬಿಸುತ್ತಾರೆ. ಮಡಕೆ ಒಡೆದು, ಮಣ್ಣು ಚೆಲ್ಲಿ, ಏನೂ ಸಿಗದೆ ಶಪಿಸುತ್ತ ಹೋಗುತ್ತಾರೆ. ಉಳಿದ ಚಪ್ಪಡಿ ಯಾರದೋ ಕೊಟ್ಟಿಗೆಗೆ ಹಾಸುಗಲ್ಲಾಗುತ್ತದೆ; ಬಂಡೆ ಜಲ್ಲಿಯಾಗುತ್ತದೆ. ಚೆಲ್ಲಿದ ಆ ಮಣ್ಣಿನಲ್ಲಿದ್ದ ನಾಲ್ಕು ಹಲ್ಲುಗಳೇ ಆ ಗೋರಿಯ ನಿಜವಾದ ನಿಧಿಯೆಂಬುದು ಅಗೆದವರಿಗೆ ಹೊಳೆಯುವುದಿಲ್ಲ. ಅವರು ಹೋದ ಮೇಲೆ ನೋಡುವವರಿಗೂ ಹೊಳೆಯುವುದಿಲ್ಲ.

ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಕಾನೂನಿದೆ, ಇಲಾಖೆಗಳಿವೆ. ಆದರೆ ಹೊಲಹೊಲದ ಕಲ್ಲಿಗೆ ಕಾವಲುಗಾರನನ್ನು ಇಡುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಕಾಯಬೇಕಾದವರು ಊರಿನವರು, ಶಾಲೆಯ ಉಪಾಧ್ಯಾಯರು, ಇಂಥ ಪತ್ರಿಕೆಗಳನ್ನು ಓದುವ ನಾವು. ಉಳುವಾಗಲೋ ಪಾಯ ತೋಡುವಾಗಲೋ ಗುಂಡುಗಲ್ಲಿನ ವೃತ್ತ ಕಂಡರೆ, ಮಡಕೆಯ ನಡುವೆ ಹಲ್ಲು ಕಂಡರೆ, ಅದನ್ನು ಮುಟ್ಟದೆ ಪ್ರಾಕ್ತನ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. ತೊಳೆದು ಚೊಕ್ಕಟ ಮಾಡಬಾರದು. ಹಿಂದೆ ವಸ್ತುಸಂಗ್ರಹಾಲಯಗಳಲ್ಲಿ ಕೂಡ ಹಲ್ಲು ಅಂದವಾಗಿ ಕಾಣಲೆಂದು ಕಿಟ್ಟವನ್ನು ಕೆರೆದು ಎಸೆದದ್ದುಂಟು. ಹಾಗೆ ಎಸೆದ ಕಿಟ್ಟದಲ್ಲಿ ಏನೇನು ಅಡಗಿತ್ತೋ ಇನ್ನು ಯಾರೂ ಹೇಳಲಾರರು.

ಸಾವನದುರ್ಗದ ಕಲ್ಗೋರಿಗಳಲ್ಲಿ ಮಲಗಿದವರು ಕೆಂಪೇಗೌಡರಂತೆ ಕೋಟೆ ಕಟ್ಟಲಿಲ್ಲ, ಪೇಟೆ ಕಟ್ಟಲಿಲ್ಲ. ತಮ್ಮನ್ನು ಕುರಿತು ಒಂದಕ್ಷರ ಬರೆಸಲಿಲ್ಲ. ಆದರೆ ಅವರೂ ಹಸಿದರು, ಕಾಳು ಅರೆದರು, ಹಲ್ಲುನೋವಿನಿಂದ ರಾತ್ರಿಯೆಲ್ಲ ಎಚ್ಚರವಿದ್ದರು, ನೋವಿನವರಿಗೆ ತಿಳಿದ ಮದ್ದು ಮಾಡಿದರು. ಈ ಸಂಗತಿಗಳನ್ನು ಅವರ ಬಾಯಿಯೇ ನಮಗೆ ಹೇಳಬೇಕು. ಅದು ಹೇಳಲು ಸಿದ್ಧವಾಗಿದೆ. ಹೇಳಿ ಮುಗಿಯುವವರೆಗೆ ಆ ಕಲ್ಲುಗಳನ್ನು ಅಲುಗಾಡಿಸದೆ ಇರುವ ತಾಳ್ಮೆಯೊಂದು ನಮಗೆ ಬೇಕು.